ಸುರಿಯುವ ಕೈ

ಒಳಚರಂಡಿಯ ಗುಂಡಿಗೆ ಇಳಿಯುವವನಿಗೆ ಕೈಗವಸು ಇರಲಿಲ್ಲ, ಮುಖಕ್ಕೆ ಹಾಕಿಕೊಳ್ಳುವುದೂ ಇರಲಿಲ್ಲ. ಹೆಂಡದ ಬಾಟಲಿ ಇತ್ತು. ಬೆಳಿಗ್ಗೆ ಕಂಟ್ರಾಕ್ಟರನ ಗಾಡಿಯಲ್ಲಿ ಹಾರೆ, ಬಕೆಟ್ಟು, ಹಗ್ಗದ ಜೊತೆಗೆ ಅದೂ ಬರುತ್ತಿತ್ತು. ಹಗ್ಗ ಎಳೆಎಳೆ ಬಿಟ್ಟಿದ್ದರೂ ಬದಲಾಗಲಿಲ್ಲ. ಬಾಟಲಿ ಮಾತ್ರ ದಿನಾ ಹೊಸದು.

ಅದನ್ನು ಸುರಿದು ಕೊಡುವುದು ಮೇಸ್ತ್ರಿಯ ಕೆಲಸ. ಅವನೂ ಇಳಿದು ಬಂದವನೇ. ಸೊಂಟ ಹೋದ ಮೇಲೆ ಗುಂಡಿಯ ಬಾಯಲ್ಲಿ ನಿಂತು ಹಗ್ಗ ಹಿಡಿಯುತ್ತಿದ್ದ. ಇಳಿಯುವವನಿಗೆ ಒಂದು ಲೋಟ, ತನ್ನ ಜೊತೆ ಹಗ್ಗ ಹಿಡಿಯುವ ಇಬ್ಬರಿಗೆ ಅರ್ಧರ್ಧ, ತಳದಲ್ಲಿ ಉಳಿದದ್ದು ತನಗೆ. "ಮೊದ್ಲು ಮೂಗು ಸಾಯಿಸ್ಕೋ, ಆಮೇಲೆ ಇಳಿ" ಎನ್ನುತ್ತಿದ್ದ. ಇದೇ ಮಾತು ಹೇಳಿ ಹೆಂಡತಿಯ ತಮ್ಮನಿಗೂ ಮೊದಲ ಲೋಟ ಕೊಟ್ಟಿದ್ದ. ಆ ಭಾವಮೈದನಿಗೆ ಈಗ ಹಲ್ಲುಜ್ಜುವ ಮೊದಲೇ ಬೇಕು.

ಕಳೆದ ತಿಂಗಳು ಅವನು ಗುಂಡಿಯೊಳಗೇ ಕುಸಿದ. ಹಗ್ಗ ಎಳೆದು ಮೇಲೆ ತಂದರು. ಹೇಗೋ ಬದುಕಿದ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಂಟ್ರಾಕ್ಟರ್ ಕೇಳಿದ, "ಕುಡ್ದು ಇಳಿದ್ರೆ ಇನ್ನೇನಾಗತ್ತೆ?"

ಕುಡಿಸಿದವನೇ ಹೀಗೆ ಕೇಳಿದ! ಮೇಸ್ತ್ರಿ ತಲೆ ತಗ್ಗಿಸಿದ. ಸುರಿದ ಕೈ ತನ್ನದು.

ಮನೆಯಲ್ಲಿ ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ನ ತಮ್ಮನ್ನ ನಿಮ್ಮ ಕೈಗೆ ಒಪ್ಪಿಸಿದ್ದೆ" ಎಂದಳು. "ಕುಡಿತ ಬಿಡೋರೆಲ್ಲ ಭಾನುವಾರ ಸಂಜೆ ಶಾಲೇಲಿ ಸೇರ್ತಾರಂತೆ. ಆಸ್ಪತ್ರೆ ನರ್ಸಮ್ಮ ಹೇಳಿದ್ರು. ಹೋಗಿ."

"ನನಗೇನು ಹುಚ್ಚಾ?"

"ಹುಚ್ಚಾಗಿದ್ರೆ ಮಾತ್ರೆ ಕೊಟ್ಟು ಮಲಗಿಸ್ತಿದ್ದೆ ಬಿಡಿ."

ಹೋದ. ಶಾಲೆಯ ಗೇಟಿನವರೆಗೆ ಹೋಗಿ ಹಿಂದಿರುಗಿದ. ಮತ್ತೆ ಹೋದ. ಒಂದನೇ ಕ್ಲಾಸಿನ ಕೋಣೆ. ಮಕ್ಕಳ ಬೆಂಚುಗಳ ಮೇಲೆ ದೊಡ್ಡ ಗಂಡಸರು ಮಂಡಿ ಮಡಚಿಕೊಂಡು ತಪ್ಪು ಮಾಡಿದವರ ಹಾಗೆ ಕೂತಿದ್ದರು. ನಡೆಸುತ್ತಿದ್ದವನು ಒಬ್ಬ ಬಸ್ ಕಂಡಕ್ಟರ್. ಕುಡಿದು ಕೆಲಸ ಕಳೆದುಕೊಂಡು, ಬಿಟ್ಟು, ಮತ್ತೆ ಕೆಲಸ ಹಿಡಿದವನು.

"ಮುಂದೆ ಬನ್ನಿ ಅಣ್ಣ, ಒಳಗೆ ಜಾಗ ಇದೆ" ಎಂದ. ಕೆಲವರು ನಕ್ಕರು. "ಇಲ್ಲಿ ಬೇರೆಯವರ ಮೇಲೆ ದೂರು ಹೇಳೋ ಹಾಗಿಲ್ಲ. ನಿಮ್ಮದನ್ನ ಹೇಳಿ."

ಮೇಸ್ತ್ರಿ ಎದ್ದು ನಿಂತ. "ನಾನು ಕುಡೀತೀನಿ. ಕುಡಿಸ್ತೀನಿ ಕೂಡ. ಅದೇ ನನ್ನ ಕೆಲಸ."

"ಏನು, ಬಾರಲ್ಲಿದ್ದೀರಾ?"

"ಚರಂಡೀಲಿ."

ಯಾರೂ ನಗಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಕಂಡಕ್ಟರ್ ಹತ್ತಿರ ಬಂದು ನೀರು ಕೊಟ್ಟ.

"ಕುಡಿಯೋದು ಬಿಡೋಕೆ ನಾವಿದ್ದೀವಿ ಅಣ್ಣ. ಸುರಿಯೋದು?"

ಮೇಸ್ತ್ರಿ ನೀರು ಕುಡಿದು ಲೋಟ ವಾಪಸು ಕೊಟ್ಟ.

ಕುಡಿಯುವುದನ್ನು ಬಿಟ್ಟ. ಮೈ ಬೆವರಿತು, ಕೈ ನಡುಗಿತು, ಅನ್ನ ಸೇರಲಿಲ್ಲ. ಭಾನುವಾರ ತಪ್ಪದೆ ಶಾಲೆಗೆ ಹೋದ. ಆದರೆ ಬೆಳಿಗ್ಗೆ ಅದೇ ಬಾಟಲಿ, ಅದೇ ಲೋಟ. ತಾನು ಕುಡಿಯದೆ, ಆಸ್ಪತ್ರೆಯಿಂದ ಕೆಲಸಕ್ಕೆ ಮರಳಿದ ಭಾವಮೈದನಿಗೆ ಸುರಿದು ಕೊಡುತ್ತಿದ್ದ. ಮೊದಲು ಇಬ್ಬರೂ ಒಂದೇ ಕೆಸರಿನಲ್ಲಿದ್ದರು. ಈಗ ತಾನು ದಡದಲ್ಲಿ ನಿಂತು ಅವನನ್ನು ಒಳಗೆ ತುಳಿಯುತ್ತಿದ್ದೇನೆ ಅನ್ನಿಸಿತು. ಕೊಡುವಾಗ ಅವನ ಮುಖ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಾರೆ ಹಾಕಿ ಗುಂಡಿಯ ಮುಚ್ಚಳ ಎಬ್ಬಿಸಿದರು. ಕೊಳೆತ ಮೊಟ್ಟೆಯ ನಾತ ಮೇಸ್ತ್ರಿಯ ಮೂಗಿಗೆ ಅಡರಿತು. ಅದು ಹೊಲಸಿನ ನಾತವಲ್ಲ, ವಿಷಗಾಳಿ. ಭಾವಮೈದ ಕುಸಿದ ದಿನವೂ ಇದು ಇದ್ದಿರಬೇಕು. ಇಳಿಯಬೇಡ ಎಂದು ತಡೆಯಬೇಕಾದ ತಾನೇ ಅವತ್ತು ಮೊದಲೇ ಮೂಗು ಸಾಯಿಸಿಕೊಂಡು ನಿಂತಿದ್ದ.

ಮೇಸ್ತ್ರಿ ಬಾಟಲಿಯ ಬಿರಡೆ ಮತ್ತೆ ಬಿಗಿದ.

"ಬೇಗ ಹಾಕು ಭಾವ, ಕೈ ನಿಲ್ತಿಲ್ಲ" ಎಂದ ಭಾವಮೈದ.

"ಇವತ್ತು ಯಾರೂ ಇಳಿಯಲ್ಲ. ನಾನೂ ಸುರಿಯಲ್ಲ."

ಕಂಟ್ರಾಕ್ಟರ್ ಗಾಡಿಯಿಂದ ಇಳಿದು ಬಂದ. ಬಾಟಲಿ ಕಿತ್ತುಕೊಂಡು ತಾನೇ ಲೋಟ ತುಂಬಿಸಿ ಚಾಚಿದ. ಭಾವಮೈದ ಒಂದೇ ಗುಟುಕಿಗೆ ಕುಡಿದು ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಆ ಗುಟುಕನ್ನು ಮೇಸ್ತ್ರಿಗೆ ತಡೆಯಲಾಗಲಿಲ್ಲ. ಅವನು ಗುಂಡಿಯ ಬಾಯಿಗೆ ಅಡ್ಡಲಾಗಿ ಮುಚ್ಚಳವನ್ನು ಎಳೆದು ಅದರ ಮೇಲೆ ಕೂತುಬಿಟ್ಟ.

"ಏಳೋ ಕುಡುಕ! ನಾಲ್ಕು ದಿನ ಬಿಟ್ಟಿದ್ದಕ್ಕೆ ಸನ್ಯಾಸಿ ಆಗ್ಬಿಟ್ಯಾ?" ಎಂದ ಕಂಟ್ರಾಕ್ಟರ್.

"ಕುಡುಕನೇ ಸ್ವಾಮಿ. ಇವನನ್ನ ಹಾಳು ಮಾಡಿದ್ದೂ ನಾನೇ. ಅದು ನನ್ನ ತಲೆ ಮೇಲಿರಲಿ. ಕೆಳಗೆ ವಿಷಗಾಳಿ ಇದೆ, ಅದು ನಿಮ್ಮ ತಲೆ ಮೇಲೆ. ಕ್ಲೀನ್ ಮಾಡೋ ಮಿಷನ್ ತರಿಸಿ. ಇಲ್ಲಾಂದ್ರೆ ನೀವೇ ಇಳೀರಿ, ಲೋಟ ನಾನೇ ತುಂಬಿಸಿ ಕೊಡ್ತೀನಿ."

"ಬೇರೆ ಗ್ಯಾಂಗ್ ಕರೆಸ್ತೀನಿ! ನಾಳೆಯಿಂದ ನಿಮ್ಮನ್ಯಾರೂ ಮೂಸಿ ನೋಡಲ್ಲ!" ಎಂದು ಕಂಟ್ರಾಕ್ಟರ್ ಫೋನ್ ತೆಗೆದ.

ಭಾವಮೈದ ಬಗ್ಗಿ ಮೇಸ್ತ್ರಿಯ ಅಂಗಿ ಹಿಡಿದು ಜಗ್ಗಿದ. ಬಾಯಿಂದ ಹೆಂಡದ ವಾಸನೆ ಹೊಡೆಯಿತು. "ಏಳು ಭಾವ! ಕುಡಿಯೋದು ಕಲಿಸ್ದೋನು ನೀನೇ. ಈಗ ಕೆಲಸನೂ ತೆಗೀತೀಯಾ?"

ಬಹಳ ದಿನಗಳ ಮೇಲೆ ಮೇಸ್ತ್ರಿ ಅವನ ಮುಖ ನೋಡಿದ.

"ಹೌದು ಕಣೋ, ಕಲಿಸ್ದೋನು ನಾನೇ. ಹೊಡಿ ಬೇಕಾದ್ರೆ. ಇಳಿಯೋಕೆ ಮಾತ್ರ ಬಿಡಲ್ಲ."

ಭಾವಮೈದ ಕೈ ಎತ್ತಿದ. ಹೊಡೆದೇಬಿಟ್ಟ. ಮೇಸ್ತ್ರಿಯ ತುಟಿ ಒಡೆಯಿತು. ಅವನು ಅಲುಗಲಿಲ್ಲ. ಹಗ್ಗ ಹಿಡಿಯುವ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾರೆಯನ್ನು ರಸ್ತೆಗೆ ಎಸೆದು ಬಂದು, ಮೇಸ್ತ್ರಿಯ ಎರಡೂ ಬದಿಗೆ ಮುಚ್ಚಳದ ಮೇಲೆ ಒತ್ತಿಕೊಂಡು ಕೂತರು.