ಮೀಸೆಗೆ ಮೆತ್ತಿದ ಗ್ರೇವಿ

ಹಸುಗಳು ಈಯುವ ಕಾಲಕ್ಕೆ ಇನ್ನೆರಡು ತಿಂಗಳಿತ್ತು. ನನ್ನ ಗಂಡ ಆರ್ಲೋನ ಹರ್ನಿಯಾ ಆಪರೇಷನ್ ಆಗಿ ಅಷ್ಟರೊಳಗೆ ವಾಸಿಯಾಗಬೇಕಿತ್ತು. ಇಲ್ಲದಿದ್ದರೆ ಇನ್ನೂರು ಹಸುಗಳ ಬಾಣಂತನ ಮಾಡುವವರು ಯಾರು?

ನಮ್ಮೂರಿನ ಪುಟ್ಟ ಆಸ್ಪತ್ರೆಗೆ ಸರ್ಜನ್ ಬರುವುದು ಮಂಗಳವಾರ ಮಾತ್ರ. ಅರಿವಳಿಕೆ ಕೊಡುವವಳು ನರ್ಸ್ ಜೋಲೀನ್. ಅದಕ್ಕೆಂದೇ ವರ್ಷಗಟ್ಟಲೆ ಓದಿ, ಹತ್ತೊಂಬತ್ತು ವರ್ಷದಿಂದ ಒಬ್ಬಳೇ ಈ ಕೆಲಸ ನಿಭಾಯಿಸುತ್ತಿದ್ದಾಳೆ. ಅವಳ ಮೇಲೆ ಒಬ್ಬ ಅರಿವಳಿಕೆ ಡಾಕ್ಟರ್ ಇರಲೇಬೇಕೆಂದು ಕೆಲವರು ಹಟ ಹಿಡಿದಿದ್ದರು. ಅದನ್ನು ತೀರ್ಮಾನಿಸಲು ಗುರುವಾರ ಆಸ್ಪತ್ರೆ ಮಂಡಳಿಯ ಸಭೆ. ಅಂಥ ಡಾಕ್ಟರ್ ಯಾರೂ ಇಲ್ಲಿಗೆ ಬರಲು ಒಪ್ಪಿರಲಿಲ್ಲ. ಕಡ್ಡಾಯವಾದರೆ ಆಪರೇಷನ್ ಕೋಣೆಗೆ ಬೀಗ; ಆಮೇಲೆ ನೂರ ಹತ್ತು ಮೈಲಿ ಆಚೆಯ ಪಟ್ಟಣವೇ ಗತಿ.

ಹಟ ಹಿಡಿದವರಲ್ಲಿ ಆರ್ಲೋನೇ ಮೊದಲಿಗ.

"ಡಾಕ್ಟ್ರು ಹೂಂ ಅಂದ್ರೆ ನರ್ಸು ಊಹೂಂ ಅಂತಾಳಾ?" ಎನ್ನುತ್ತಿದ್ದ.

"ಹೋರಿ ಕೊಳ್ಳೋವಾಗ ನೂರು ಪ್ರಶ್ನೆ ಕೇಳ್ತೀಯ. ಅವಳನ್ನ ಒಂದು ಮಾತು ಕೇಳಿದ್ದೀಯಾ?" ಎಂದೆ.

ಮಂಗಳವಾರ ಬೆಳಗ್ಗೆ ದನಗಳಿಗೆ ಹುಲ್ಲು ಹಾಕಲು ಹೋದವನು ಮನೆಗೆ ಬರದೆ ಆಸ್ಪತ್ರೆಗೇ ಬಂದ; ನಾನು ಅಲ್ಲಿ ಕಾಯುತ್ತಿದ್ದೆ. ಒಂಬತ್ತಕ್ಕೆ ಜೋಲೀನ್ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಆರ್ಲೋ, ಏನಾದ್ರೂ ತಿಂದ್ರಾ?"

"ಇಲ್ಲ."

"ಕೆಫೆ ಕಡೆ ಹೋಗಿದ್ರಾ?"

"ಗೆಳೆಯರ ಜೊತೆ ಸುಮ್ನೆ ಕೂತಿದ್ದೆ."

"ಮತ್ತೆ ಮೀಸೆಗೆ ಮೆತ್ತಿರೋ ಸಾಸೇಜ್ ಗ್ರೇವಿ ಯಾರದು?"

ಆರ್ಲೋ ಮೀಸೆ ಒರೆಸಿಕೊಂಡ. "ಆರು ಗಂಟೆಗೆ... ಒಂದು ತಟ್ಟೆ."

ಬಾಗಿಲಲ್ಲಿದ್ದ ಸರ್ಜನ್ ಗಡಿಯಾರ ನೋಡಿಕೊಂಡರು. "ಒಂದು ತಟ್ಟೆ ತಾನೇ? ನಾಲ್ಕಕ್ಕೆ ನಾನು ಹೊರಡಬೇಕು. ಶುರು ಮಾಡೋಣ."

"ಆಗಲ್ಲ ಡಾಕ್ಟ್ರೇ. ಇಂಥ ಕೊಬ್ಬಿನ ಮಾಂಸದೂಟಕ್ಕೆ ಎಂಟು ಗಂಟೆ ಕಾಯ್ಬೇಕು. ಮತ್ತಿನಲ್ಲಿ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಇವರು ಉಳಿಯೋದೇ ಕಷ್ಟ. ಎರಡು ಗಂಟೆಗೆ ಮಾಡೋಣ."

ಜೋಲೀನ್ ದನಿ ಏರಿಸಲಿಲ್ಲ. ಸರ್ಜನ್ ಆಗಲಿ ಎಂದು ತಲೆಯಾಡಿಸಿ ಹೋದರು.

"ಡಾಕ್ಟ್ರಿಗೇ ಬೇಡ ಅಂದ್ಯಲ್ಲಮ್ಮ," ಎಂದ ಆರ್ಲೋ, ಮೆಲ್ಲಗೆ.

"ಕೊಯ್ಯೋದು ಅವರ ಕೆಲಸ. ನಿಮ್ಮ ಉಸಿರು ಕಾಯೋದು ನನ್ನ ಕೆಲಸ."

ಎರಡಕ್ಕೆ ಅವನನ್ನು ಮಲಗಿಸಿದಳು. ನಾಲ್ಕಕ್ಕೆ ಅವನು ಕಾಫಿ ಕೇಳುತ್ತಿದ್ದ.

ಗುರುವಾರ ಸಭೆಯಲ್ಲಿ ಆರ್ಲೋ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತ. "ನಾನು ಸುಳ್ಳು ಹೇಳಿದ್ದೆ. ಡಾಕ್ಟ್ರಿಗೆ ಅವಸರ ಇತ್ತು. ಬೇಡ ಅಂದಿದ್ದು ಜೋಲೀನ್ ಒಬ್ಬಳೇ. ಅದಕ್ಕೇ ಇವತ್ತು ನಿಮ್ಮೆದುರು ನಿಂತಿದ್ದೀನಿ."

ಬೀಗ ಬೀಳಲಿಲ್ಲ.

ನಿಮ್ಮೂರಿನಲ್ಲೂ ಇಂಥ ಸಭೆ ಕರೆದರೆ ಮನೆಯಲ್ಲಿ ಕೂರಬೇಡಿ. ಹೋಗಿ, ನಿಮ್ಮ ಅರಿವಳಿಕೆ ನರ್ಸ್ ಪರವಾಗಿ ಎರಡು ಮಾತಾಡಿ. ಆಪರೇಷನ್ ದಿನ ಅವಳು ಕೇಳಿದಾಗ, ತಿಂದಿದ್ದರೆ ತಿಂದೆ ಎಂದೇ ಹೇಳಿ. ಎಲ್ಲರಿಗೂ ಮೀಸೆ ಇರುವುದಿಲ್ಲ.