ಕಳಾವರ್ ಒಂಬತ್ತು

"ಏ ಲಾಂಡ್ರಿ, ಆ ಕೈನ ಕ್ಯಾಮೆರಾದಿಂದ ಆಚೆ ಹಿಡಿ ಮೊದ್ಲು. ಈಗಷ್ಟೇ ತಿಂಡಿ ತಿಂದು ಕೂತಿದೀನಿ. ಹೊಟ್ಟೆ ತೊಳಸತ್ತೆ ನನಗೆ."

ಇಸ್ತ್ರಿಯಕ್ಕ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ನೀರಿನ ಜಗ್ಗಿಗೆ ಒರಗಿಸಿಟ್ಟ ಫೋನಿನಲ್ಲಿ ತರಬೇತಿಯ ಮೇಷ್ಟ್ರು ಟೈ ಸರಿಮಾಡಿಕೊಳ್ಳುತ್ತಿದ್ದ. ಅವನ ಸುತ್ತ ಸಣ್ಣ ಸಣ್ಣ ಚೌಕಗಳಲ್ಲಿ ಕಲಿಯುವವರ ಮುಖಗಳಿದ್ದವು. ಯಾರಿಗೂ ಹೆಸರಿರಲಿಲ್ಲ. ಪಾತ್ರೆ, ಲಿಫ್ಟು, ತೋಟ, ಲಾಂಡ್ರಿ ಎಂದು ಅವರವರ ಕೆಲಸವೇ ಮುಖದ ಕೆಳಗೆ ಬರೆದಿತ್ತು. ಮೇಷ್ಟ್ರು ಕರೆಯುತ್ತಿದ್ದದ್ದೂ ಹಾಗೆಯೇ.

"ಕೈ ಆಚೆ ಹಿಡಿದ್ರೆ ಇಸ್ಪೀಟೆಲೆ ಹೆಂಗೆ ಹಾಕ್ಲಿ ಸಾರ್?"

"ಓಹೋ, ಬಾಯಿ ಬೇರೆ! ಕೇಳು. ಕ್ಯಾಸಿನೋಗೆ ಬರೋ ಗಿರಾಕಿ ಗಂಟೆಗಟ್ಲೆ ನೋಡೋದು ಎಲೆ ಹಾಕೋರ ಕೈನ. ಅಂಥ ಕೈನ ಅವನ ಮುಂದೆ ಹಿಡಿದ್ರೆ ಎದ್ದು ಓಡಿಹೋಗ್ತಾನೆ. ಕ್ರೀಮ್ ಹಚ್ಕೋ. ಉಗುರು ನೋಡ್ಕೋ. ನಿಮ್ಮಂಥೋರಿಗೆಲ್ಲ ಮೇಲೆ ಬರೋ ಆಸೆ ಬೇರೆ..."

ಅಷ್ಟರಲ್ಲಿ ನೆಟ್ ಕೈಕೊಟ್ಟಿತು. ಮೇಷ್ಟ್ರು ಬಾಯಿ ತೆರೆದಂತೆಯೇ ನಿಂತುಹೋದ.

"ಹಂಗೇ ಇರ್ಲಿ ಬಿಡು," ಎಂದಳು ಮಂಚದ ಮೇಲಿದ್ದ ಅತ್ತೆ. "ಒಂದೆರಡು ನೊಣನಾದ್ರೂ ಒಳಗೆ ಹೋಗ್ಲಿ, ಬೋಳಿಮಗಂದು."

ನಗು ಬರಬೇಕಿತ್ತು. ಬರಲಿಲ್ಲ. ಇಸ್ತ್ರಿಯಕ್ಕ ಫೋನನ್ನು ಎತ್ತಿ ಹಿಡಿದಳು, ಕಿಟಕಿಯ ಹೊರಗೆ ಚಾಚಿದಳು, ಬಾಗಿಲ ಚೌಕಟ್ಟಿನ ಮೇಲೆ ಇಟ್ಟಳು. ಮತ್ತೆ ಚಿತ್ರ ಬರುವ ಹೊತ್ತಿಗೆ ಮೇಷ್ಟ್ರು ಮುಂದಿನ ಪಾಠಕ್ಕೆ ದಾಟಿದ್ದ. ಲಾಂಡ್ರಿ ಅರ್ಧ ಪಾಠಕ್ಕೆ ಎದ್ದು ಹೋದಳು ಎಂದು ಗೈರುಹಾಜರಿಯನ್ನೂ ಹಾಕಿಬಿಟ್ಟಿದ್ದ.

ಅವಳು ಕೆಲಸ ಮಾಡುತ್ತಿದ್ದದ್ದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಅವಳ ಕೈ ಬಿದ್ದ ಬಟ್ಟೆಗೆ ಸುಕ್ಕೆಂಬುದು ಇರುತ್ತಿರಲಿಲ್ಲವಾದ್ದರಿಂದ ಕೆಳಗಿನವರೆಲ್ಲ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕ್ಯಾಸಿನೋ ಇತ್ತು. ಎರಡಕ್ಕೂ ಧಣಿ ಒಬ್ಬನೇ. ಕೆಳಗೆ ಕೆಲಸ ಮಾಡುವವರು ಆನ್‌ಲೈನಿನಲ್ಲಿ ಎಲೆ ಹಾಕುವುದನ್ನು ಕಲಿತು, ಪರೀಕ್ಷೆ ಪಾಸಾದರೆ ಮೇಲಕ್ಕೆ ಬರಬಹುದು ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ಚೀಟಿಯಲ್ಲೊಬ್ಬಳು ಹುಡುಗಿ, ಬೆಣ್ಣೆಯಂಥ ಬೆರಳುಗಳಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಹರಡಿಕೊಂಡು ನಗುತ್ತಿದ್ದಳು. ಅಂಟಿಸಿದ ಸೂಪರ್‌ವೈಸರನೇ ಅದರ ಮುಂದೆ ನಿಂತು, "ಹೋಗ್ರಮ್ಮ, ಎಲ್ಲರೂ ರಾಣಿಯರಾಗ್ರಿ," ಎಂದು ಹಲ್ಲುಕಿರಿದಿದ್ದ.

ರಾಣಿಯಾಗುವ ಹುಚ್ಚು ಇಸ್ತ್ರಿಯಕ್ಕನಿಗೆ ಇರಲಿಲ್ಲ. ಅವಳಿಗಿದ್ದದ್ದು ಹೆದರಿಕೆ. ಲಾಂಡ್ರಿಯಲ್ಲಿ ಎಲ್ಲರೂ ಕೊನೆಗೆ ಬ್ಲೀಚ್ ತೊಟ್ಟಿಗೆ ಹೋಗಲೇಬೇಕು. ಇಸ್ತ್ರಿ ಮೇಜು ಕಣ್ಣು ನೆಟ್ಟಗಿರುವತನಕ, ಸೂಪರ್‌ವೈಸರನ ಮನಸ್ಸು ನೆಟ್ಟಗಿರುವತನಕ. ಆಮೇಲೆ ತೊಟ್ಟಿ. ಅತ್ತೆಯೂ ಅದೇ ತೊಟ್ಟಿಯಲ್ಲಿ ಆಯಸ್ಸು ಕಳೆದವಳು. ಅವಳ ಬೆರಳುಗಳಲ್ಲಿ ಉಗುರಿರಲಿಲ್ಲ, ಬೆರಳು ಮಡಿಚಿಕೊಂಡು ಮತ್ತೆ ಬಿಚ್ಚುತ್ತಿರಲಿಲ್ಲ. ಸುಡುವ ಲೋಟವನ್ನು ಹಿಡಿದುಕೊಂಡು ಚರ್ಮ ಕೆಂಪಾದರೂ ಗೊತ್ತಾಗದೆ ಮಾತಾಡುತ್ತ ಕೂತಿರುತ್ತಿದ್ದಳು. ಮಗ ಸತ್ತ ಮೇಲೆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಸೊಸೆ ಬೇಡವೆಂದರೂ ದಿನವೂ ಆ ಕೈಗಳನ್ನು ನೋಡಬೇಕಿತ್ತು. ಇಸ್ತ್ರಿಗೆ ಮೊದಲು ಬಟ್ಟೆಗೆ ಚಿಮುಕಿಸುವ ನೀರಿಗೇ ಇಸ್ತ್ರಿಯಕ್ಕನ ಹೆಬ್ಬೆರಳುಗಳು ಬಿರಿಯತೊಡಗಿದ್ದವು. ತೊಟ್ಟಿಗೆ ಇಳಿದರೆ ಗತಿಯೇನು?

ಮೇಲಕ್ಕೆ ಹೋಗಬೇಕು, ಈ ಕೈ ಪೂರ್ತಿ ಹೋಗುವ ಮುಂಚೆ ಹೋಗಬೇಕು. ಆದರೆ ಮೇಲಕ್ಕೆ ಹೋಗಲು ಚೆಂದದ ಕೈ ಬೇಕಂತೆ. ಯೋಚಿಸಿದಷ್ಟೂ ಮೈ ಉರಿಯುತ್ತಿತ್ತು.

ಒಂದು ಪಾಠ ಮಾತ್ರ ಅವಳಿಗೆ ಹೇಳಿಸಿಕೊಳ್ಳದೆಯೇ ಬಂದಿತ್ತು.

"ಟೇಬಲ್ ಬಿಡೋವಾಗ ಒಂದು ಚಪ್ಪಾಳೆ," ಎಂದು ಮೇಷ್ಟ್ರು ಮಾಡಿ ತೋರಿಸಿದ್ದ. "ಆಮೇಲೆ ಅಂಗೈ, ಆಮೇಲೆ ಹಿಂಗೈ. ಸೂರಲ್ಲಿರೋ ಕ್ಯಾಮೆರಾಗೆ ಕಾಣ್ಬೇಕು. ಏನೂ ಬಚ್ಚಿಟ್ಕೊಂಡಿಲ್ಲ ಅಂತ. ಸ್ಟೈಲಾಗಿ ಮಾಡ್ಬೇಕು, ಗೊತ್ತಾಯ್ತಾ?"

ಲಾಂಡ್ರಿಯ ಬಾಗಿಲಲ್ಲಿ ಕಾವಲಿನವನು ದಿನಾ ಅದನ್ನೇ ಮಾಡಿಸುತ್ತಿದ್ದ. ಕೈ ಚಾಚು, ತಿರುಗಿಸು, ತುರುಬು ಬಿಚ್ಚು, ಸೋಪಿನ ಚೂರು ಕದ್ದಿದೀಯಾ ನೋಡ್ಬೇಕು. ಒಮ್ಮೆ ಅವನು ಎಲ್ಲರೆದುರಿಗೆ ಅವಳ ರವಿಕೆಯ ತೋಳಿನೊಳಗೆ ಬೆರಳು ಹಾಕಿ ಹುಡುಕಿದ್ದ. ಅಲ್ಲಿಯೂ ಸೂರಿನಲ್ಲಿ ಕ್ಯಾಮೆರಾ ಇತ್ತು. ಮೇಲಿನವರನ್ನೂ ಕಳ್ಳರೆಂದೇ ತಿಳಿದಿದ್ದಾರೆ ಹಾಗಾದರೆ, ಅಲ್ಲಿ ಅದಕ್ಕೆ ಸ್ಟೈಲು ಅನ್ನುತ್ತಾರೆ ಅಷ್ಟೆ, ಎಂದುಕೊಂಡಳು.

ಅಭ್ಯಾಸಕ್ಕೆ ಅತ್ತೆಯೇ ಗಿರಾಕಿ. ಹರಿದ ಅಂಗಿಗಳಿಂದ ಉದುರಿದ ಗುಂಡಿಗಳೇ ಪಣದ ಬಿಲ್ಲೆ. ಅತ್ತೆ ಎಲೆಯನ್ನು ಎರಡು ಮುಷ್ಟಿಗಳ ನಡುವೆ ಒತ್ತಿ ಹಿಡಿದು, ಸೋತರೆ ಆಟವನ್ನೇ ಒಪ್ಪುತ್ತಿರಲಿಲ್ಲ.

"ಅತ್ತೆ, ಗುಂಡಿ ಈಚೆ ಕೊಡಿ. ಸೋತಿದೀರಿ."

"ನಾನೆಲ್ಲೇ ಸೋತೆ? ನೀನು ಸರಿಯಾಗಿ ಕಲೆಸಿಲ್ಲ."

"ಮೇಲೆ ಹಿಂಗೆ ಜಗಳ ಆಡಿದ್ರೆ ಎತ್ತಿ ಹೊರಗೆ ಹಾಕ್ತಾರೆ."

"ಹಾಕ್ಲಿ. ನೀನು ಅಲ್ಲಿರ್ತೀಯಲ್ಲ, ಮೆತ್ತಗೆ ಹಾಕು ಅಂತ ಹೇಳು."

ಹೀಗೆ ನಗುನಗುತ್ತ ಎಲೆ ಜಾರಿಸುತ್ತಿದ್ದಾಗ ಹೆಬ್ಬೆರಳಿನ ಬಿರುಕು ಬಾಯಿಬಿಟ್ಟಿತು. ಒಂದು ಹನಿ ರಕ್ತ ಎಲೆಯ ಬೆನ್ನ ಮೇಲೆ ಬಿತ್ತು. ಎಲೆಗಳ ಬೆನ್ನು ಕೆಂಪು, ಆದರೂ ರಕ್ತ ಕಪ್ಪಗೆ ಕಾಣಿಸಿತು. ಹಾಸಿಗೆಬಟ್ಟೆಗಳ ಮೇಲಿನ ರಕ್ತದ ಕಲೆ ಅವಳಿಗೆ ನಿತ್ಯದ ಮಾತು. ಯೋಚನೆಯನ್ನೂ ಮಾಡದೆ ಕೈ ತಾನಾಗಿ ಬಚ್ಚಲಿನ ಬ್ಲೀಚ್ ಬಾಟಲಿಯ ಕಡೆಗೆ ಹೋಯಿತು. ಬಟ್ಟೆಯ ತುದಿ ಅದ್ದಿದಳು, ಒತ್ತಿದಳು, ಒರೆಸಿದಳು. ರಕ್ತ ಹೋಯಿತು. ರಕ್ತದ ಜೊತೆಗೆ ಎಲೆಯ ಕೆಂಪೂ ಹೋಯಿತು. ಕಡಲೆಕಾಳಿನಷ್ಟು ಬೆಳ್ಳನೆ ಮಚ್ಚೆ ಉಳಿಯಿತು.

ತಿರುಗಿಸಿ ನೋಡಿದರೆ ಕಳಾವರ್ ಒಂಬತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. ಕೆಂಪು ಪೆನ್ನಿನಲ್ಲಿ ತಿದ್ದಿದಳು, ಇನ್ನೂ ಅಸಹ್ಯವಾಯಿತು. ತರಬೇತಿಯವರು ಕೊಟ್ಟ ಎಲೆಗಳನ್ನು ಬಿಟ್ಟು ಬೇರೆ ಬಳಸುವಂತಿಲ್ಲ. 'ಒಂದು ಎಲೆ ಕೆಟ್ಟಿದೆ ಸಾರ್, ಬೇರೆ ಬೇಕು' ಎಂದು ಮೇಷ್ಟ್ರಿಗೆ ಮೆಸೇಜು ಹಾಕಿದಳು. ಮತ್ತೆ ಹಾಕಿದಳು. ಕರೆ ಮಾಡಿದಳು, ಅವನು ಕತ್ತರಿಸಿದ. ಮರುದಿನ ಪಾಠದಲ್ಲಿ ಬಾಯಿ ತೆರೆಯುವಷ್ಟರಲ್ಲಿ, "ಯಾರ್ಯಾರದೋ ಗೋಳು ಕೇಳೋಕೆ ಕೂತಿಲ್ಲ ನಾನು. ಎಲ್ಲರೂ ಬಾಯ್ಮುಚ್ಚಿ," ಎಂದು ಎಲ್ಲರ ಧ್ವನಿಯನ್ನೂ ಬಂದ್ ಮಾಡಿದ.

ಪರೀಕ್ಷೆಯ ಬೆಳಿಗ್ಗೆ ಅತ್ತೆ ಕ್ಯಾಮೆರಾಗೆ ಕಾಣದಂತೆ ಮೂಲೆಯಲ್ಲಿ ಮುದುಡಿ ಕೂತಳು. ಫೋನಿನಲ್ಲಿ ಮೇಷ್ಟ್ರ ಪಕ್ಕ ಮೇಲಿನ ಮಹಡಿಯ ಮೇಡಂ ಇದ್ದಳು. ಇನ್ನೊಂದು ಚೌಕದಲ್ಲಿ ಸೂಪರ್‌ವೈಸರ್ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತಿದ್ದ. ತಮ್ಮ ಕೈಕೆಳಗಿನವರ ಪರೀಕ್ಷೆಗೆ ಸೂಪರ್‌ವೈಸರುಗಳೂ ಬರಬೇಕಂತೆ.

ಇಸ್ತ್ರಿಯಕ್ಕ ಎಲೆ ಕಲೆಸಿದಳು. ಅರ್ಧ ಮಾಡಿ, ಒಂದರೊಳಗೊಂದು ಸೇರಿಸಿ, ತಟ್ಟಿ ಸಮ ಮಾಡಿದಳು. ಮಡಿಸಿದ ಚಾದರಗಳ ಅಂಚು ಸಮ ಮಾಡಿ ಪಳಗಿದ ಕೈ. ಹಳೆಯ ಕಂಬಳಿಯ ಮೇಲೆ ಎಲೆಗಳು ಸರಸರನೆ ಜಾರಿ, ನಿಲ್ಲು ಎಂದಲ್ಲಿ ನಿಂತವು. ನೆಟ್ ಕೂಡ ಅವತ್ತು ಕೈಕೊಡಲಿಲ್ಲ.

"ಪರವಾಗಿಲ್ವೇ," ಎಂದಳು ಮೇಡಂ. "ಕೈ ಒರಟು, ಆದ್ರೆ ಚೆನ್ನಾಗಿ ಓಡತ್ತೆ."

ಮೂಲೆಯಲ್ಲಿ ಅತ್ತೆ ಕತ್ತು ಚಾಚಿದಳು. ಇಸ್ತ್ರಿಯಕ್ಕನ ಎದೆಯಲ್ಲೂ ಆಸೆ ಎದ್ದು ನಿಂತಿತು. ಮುಂದಿನ ಎಲೆ ಬೆನ್ನು ಮೇಲಾಗಿ ಬಂದು ಕೂತಿತು.

"ನಿಲ್ಸು," ಎಂದ ಮೇಷ್ಟ್ರು. "ಆ ಎಲೆ. ಹತ್ರ ಹಿಡಿ. ಅದೇನದು ಬಿಳಿ?"

"ಕಲೆ ಸಾರ್. ಬೆರಳು ಬಿರಿದು ರಕ್ತ ಬಿತ್ತು. ಬ್ಲೀಚಲ್ಲಿ ಒರೆಸಿದೆ. ನಿಮಗೆ ಮೆಸೇಜು ಹಾಕಿದ್ದೆ..."

"ಎಲೆನ ಬ್ಲೀಚಲ್ಲಿ ತೊಳೆದ್ಯಾ? ಎಲೆನಾ?" ಮೇಷ್ಟ್ರು ಬಿದ್ದುಬಿದ್ದು ನಕ್ಕ. ನಗು ನಿಂತ ಮೇಲೆ ಮುಖ ಗಂಟಾಯಿತು. "ಇದಕ್ಕೆ ಗುರುತು ಹಾಕೋದು ಅಂತಾರೆ ಕಣೇ. ಬೆನ್ನು ನೋಡಿ ಎಲೆ ಯಾವುದು ಅಂತ ಹೇಳೋ ಕಳ್ಳಾಟ. ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಸಾರ್. ಫೋನ್ ತೆಗೆದು ನೋಡಿ, ನಾನು ಎಷ್ಟು ಸಲ..."

"ನನ್ನ ಮೇಲೇ ಹಾಕ್ತೀಯೇನೆ, ದರಿದ್ರದೋಳೇ!"

"ನಾನು ಹೇಳಿದ್ನಲ್ಲ ಮೇಡಂ," ಎಂದು ಸೂಪರ್‌ವೈಸರ್ ಕಡ್ಡಿ ತೆಗೆದ. "ಕೆಳಗಿನೋರ ಬುದ್ಧಿನೇ ಇಷ್ಟು. ದಿನಾ ಬಾಗಿಲಲ್ಲಿ ತಡಕಿ ಕಳಿಸ್ತೀವಿ, ಆದ್ರೂ ಹಿಂಗೆ. ನಾಳೆಯಿಂದ ಇವಳನ್ನ ತೊಟ್ಟಿಗೆ ಹಾಕ್ತೀನಿ, ಬ್ಲೀಚ್ ಮೇಲೆ ಅಷ್ಟು ಪ್ರೀತಿ ಇದ್ಮೇಲೆ."

ಮೇಡಂ ಕೈಗಡಿಯಾರ ನೋಡಿಕೊಂಡಳು. "ಗುರುತಿರೋ ಎಲೆ ಅಂದ್ಮೇಲೆ ಮುಗೀತಮ್ಮ. ಇನ್ನೊಂದ್ಸಲ ಅರ್ಜಿ ಹಾಕೋ ಹಾಗಿಲ್ಲ. ನೆಕ್ಸ್ಟ್ ಯಾರು?"

"ಕೈ ತೋರಿಸಿ ಟೇಬಲ್ ಬಿಡು," ಎಂದ ಮೇಷ್ಟ್ರು.

ಇಸ್ತ್ರಿಯಕ್ಕ ಒಂದು ಚಪ್ಪಾಳೆ ತಟ್ಟಿದಳು. ಅಂಗೈ ತೋರಿಸಿದಳು. ಹಿಂಗೈ ತೋರಿಸುವ ಮುಂಚೆಯೇ ಅವಳ ಚೌಕವನ್ನು ಅಳಿಸಿಬಿಟ್ಟಿದ್ದರು.

ಅತ್ತೆ ಮೂಲೆಯಿಂದ ಎದ್ದು ಸೊಸೆಯ ಪಕ್ಕ ಬಂದು ಕೂತಳು. ಆಮೇಲೆ, "ಸೂಳೆಮಕ್ಳು," ಎಂದಳು. "ಹೋಗ್ಬೇಡ ಕಣೇ ಆ ತೊಟ್ಟಿಗೆ. ನನ್ನ ಕೈ ತಿಂತು ಅದು."

"ಹೋಗ್ದೆ ಇದ್ರೆ ಉಣ್ಣೋದೇನು ಅತ್ತೆ?"

ಅತ್ತೆ ತನ್ನ ಮುಷ್ಟಿಗಳಿಂದ ಸೊಸೆಯ ಮುಖ ಸವರಿದಳು. ಆ ಬೆರಳುಗಳಿಗೆ ಕಣ್ಣೀರಿನ ಒದ್ದೆಯೂ ತಿಳಿಯುವಂತಿರಲಿಲ್ಲ. ಇಸ್ತ್ರಿಯಕ್ಕನಿಗೆ ಅಳುವಿಗಿಂತ ಹೆಚ್ಚಾಗಿ ಯಾರನ್ನಾದರೂ ಕಚ್ಚಬೇಕು ಅನ್ನಿಸುತ್ತಿತ್ತು.

ಮಧ್ಯಾಹ್ನದ ಪಾಳಿಗೆ ಹೋದರೆ ಅವಳ ಮೇಜಿನ ಮೇಲೆ ಹಸಿರು ಬಟ್ಟೆಗಳ ಗಂಟು ಕಾದಿತ್ತು. ಮೇಲೆ ಕ್ಯಾಸಿನೋದ ಹೊಸ ಹಾಲ್ ಅಂದೇ ಸಂಜೆ ಶುರುವಾಗಲಿತ್ತು. ಆಟದ ಮೇಜುಗಳಿಗೆ ಹಾಸುವ ಬಟ್ಟೆಗಳು ಅವು, ಅಪ್ಪಟ ಹತ್ತಿಯವು.

"ತೊಟ್ಟಿ ನಾಳೆಯಿಂದ. ಇವತ್ತು ಇದನ್ನ ಮುಗಿಸು," ಎಂದ ಸೂಪರ್‌ವೈಸರ್. "ನಿನ್ನಷ್ಟು ನೀಟಾಗಿ ಇಸ್ತ್ರಿ ಹಾಕೋರು ಇಲ್ಲಿಲ್ಲ, ಅದೊಂದು ಒಪ್ಕೋತೀನಿ. ಬೇರೆ ಬಟ್ಟೆ ತರಿಸೋಕೆ ಟೈಮಿಲ್ಲ. ಒಂದೇ ಒಂದು ಕಲೆ ಬಿದ್ರೂ ಚರ್ಮ ಸುಲಿತೀನಿ."

"ಸುಲಿಯೋಕೆ ಇನ್ನೇನು ಉಳಿದಿದೆ ಸಾರ್?"

ಅವನು ಮೆಟ್ಟಿಲು ಹತ್ತಿ ಹೋದ.

ಅವಳು ಇಸ್ತ್ರಿ ಹಾಕಿದಳು. ಒಂದಾದ ಮೇಲೊಂದರಂತೆ, ಒಂದೇ ಒಂದು ಸುಕ್ಕಿಲ್ಲದ ಹಾಗೆ ಹಾಕಿ, ಉದ್ದನೆಯ ಮೇಜುಗಳ ಮೇಲೆ ಹರಡಿದಳು. ಮೊದಲ ಬಟ್ಟೆಯ ಹಿಂದೆ ಹೋಗಿ ನಿಂತಳು. ಎಲೆ ಹಾಕುವವಳು ನಿಲ್ಲುವ ಜಾಗ ಅದು. ಇಲ್ಲಿ ಗಿರಾಕಿ, ಇಲ್ಲಿ ಬಿಲ್ಲೆ, ಇಲ್ಲಿ ಎಲೆ. ಎಷ್ಟು ಚೆನ್ನಾಗಿ ಗೊತ್ತಿತ್ತು ಅವಳಿಗೆ.

ಆಮೇಲೆ ತೊಟ್ಟಿಯ ಬಳಿಗೆ ನಡೆದು, ಬಲಗೈಯನ್ನು ಮಣಿಕಟ್ಟಿನತನಕ ಬ್ಲೀಚಿನಲ್ಲಿ ಮುಳುಗಿಸಿದಳು. ಬಿರುಕು ಬಿರುಕಿಗೂ ಬೆಂಕಿ ಬಿದ್ದಂತಾಯಿತು. ಹಲ್ಲು ಕಚ್ಚಿಕೊಂಡು ಬಂದು, ಬೆರಳುಗಳನ್ನು ಅಗಲಿಸಿ, ಮೊದಲ ಬಟ್ಟೆಯ ನಟ್ಟನಡುವೆ ಅಂಗೈ ಒತ್ತಿದಳು.

ತೊಟ್ಟಿಯ ಬಳಿ ಚಾದರ ಹಿಂಡುತ್ತಿದ್ದವಳು ಕೈಬಿಟ್ಟು ನಿಂತಳು. "ಅಕ್ಕಾ, ಏನ್ ಮಾಡ್ತಿದೀಯ? ತಲೆ ಕೆಟ್ಟಿದೆಯಾ?"

"ಗುರುತು ಹಾಕ್ತಿದೀನಿ."

ಮತ್ತೆ ಅದ್ದಿದಳು. ಮುಂದಿನ ಬಟ್ಟೆಗೆ ಒತ್ತಿದಳು. ಚಾದರದವಳು ಒಮ್ಮೆ ಮೆಟ್ಟಿಲ ಕಡೆ ನೋಡಿದಳು. ಒಂದು ಬಕೆಟ್ ಬ್ಲೀಚ್ ತುಂಬಿ, ಎಳೆದುತಂದು ಇಸ್ತ್ರಿಯಕ್ಕನ ಕಾಲ ಬಳಿ ಇಟ್ಟಳು.

ಕೊನೆಯ ಬಟ್ಟೆಗೆ ಕೈ ಒತ್ತುವ ಹೊತ್ತಿಗೆ ಮೊದಲನೆಯದು ಬಣ್ಣ ಬಿಡತೊಡಗಿತ್ತು. ಹಸಿರಿನ ನಡುವೆ ಬೆಳ್ಳಗೆ ಅಂಗೈಯೊಂದು ಮೇಲೆದ್ದು ಬರುತ್ತಿತ್ತು. ಅದರ ಬಿರುಕುಗಳ ಗೆರೆಗಳೂ ಉಳಿದಿದ್ದವು.

ಮೆಟ್ಟಿಲ ಮೇಲೆ ಸೂಪರ್‌ವೈಸರನ ಬೂಟು ಕೇಳಿಸಿತು. "ಮುಗೀತೇನೇ? ಮೇಲೆ ಕಾಯ್ತಿದಾರೆ!"

"ಮುಗೀತು ಸಾರ್."

ಅವಳು ಸೂರಿನ ಕ್ಯಾಮೆರಾದ ನೇರಕ್ಕೆ ಬಂದು ನಿಂತಳು. ಒಂದು ಚಪ್ಪಾಳೆ ತಟ್ಟಿದಳು. ಅಂಗೈ ತೋರಿಸಿದಳು. ಹಿಂಗೈ ತೋರಿಸಿದಳು. ಬೂಟಿನ ಸದ್ದು ಕೊನೆಯ ಮೆಟ್ಟಿಲಿಳಿದು ಅವಳ ಬೆನ್ನ ಹಿಂದೆ ಬಂದು ನಿಂತ ಮೇಲೂ ಅವಳು ಕೈ ಇಳಿಸಲಿಲ್ಲ.