ಪೀರ್ ಸಾಬರ ಒಂದು ಸುತ್ತು

ಬಚ್ಚಲ ಗೋಡೆಗೆ ಸಾಬೀರ ಎರಡನೆಯ ತೂತು ಕೊರೆಯುತ್ತಿದ್ದಾಗ ಪೀರ್ ಸಾಬರಿಗೆ ನಿಜ ಹೇಳಿಬಿಡೋಣ ಅನ್ನಿಸಿತು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಡ್ರಿಲ್ಲಿಂಗ್ ಮೆಷಿನ್ನು ಮತ್ತೆ ಗುರ್ರೆಂದಿತು, ಸಿಮೆಂಟಿನ ಪುಡಿ ಮುಖಕ್ಕೆ ಹಾರಿತು. ಬಾಯಿ ಮುಚ್ಚಿಕೊಂಡರು.

"ಅಬ್ಬಾ, ಇನ್ಮೇಲೆ ಈ ಹಿಡಿ ಹಿಡ್ಕೊಂಡೇ ಕೂರ್ಬೇಕು, ಹಿಡ್ಕೊಂಡೇ ಏಳ್ಬೇಕು. ಸ್ಟೀಲು. ಜಪ್ಪಯ್ಯ ಅಂದ್ರೂ ಕಿತ್ಕೊಂಡ್ ಬರಲ್ಲ," ಅಂದ ಮಗ, ಸ್ಕ್ರೂ ತಿರುಗಿಸುತ್ತ. ಗೊಂಬೆ ಕೆಲಸದ ಹುಡುಗ. ಅವನು ಕೂರಿಸಿದ್ದು ಅಲುಗಾಡುವುದಿಲ್ಲ.

ಪೀರ್ ಸಾಬರು ಬಚ್ಚಲಲ್ಲಿ ಬಿದ್ದಿದ್ದರೆ ತಾನೆ! ಅವರು ಬಿದ್ದದ್ದು ಕುದುರೆಯ ಮೇಲಿಂದ. ಅರವತ್ತೇಳನೆಯ ವಯಸ್ಸಿನಲ್ಲಿ, ಹಾಡಹಗಲು, ಕೆರೆ ಏರಿಯ ಇಳಿಜಾರಿನಲ್ಲಿ. ಪುಣ್ಯಕ್ಕೆ ಸುತ್ತಮುತ್ತ ಯಾರೂ ಇರಲಿಲ್ಲ. ಚನ್ನಪಟ್ಟಣದಲ್ಲಿ ಕುದುರೆ ಪೀರ್ ಸಾಬ್ ಅಂತಲೇ ಹೆಸರಾದ ಮನುಷ್ಯ, ಇಪ್ಪತ್ತು ವರ್ಷ ಜಟಕಾ ಓಡಿಸಿ, ಇನ್ನಿಪ್ಪತ್ತು ವರ್ಷ ಮದುಮಕ್ಕಳನ್ನು ಕುದುರೆ ಹತ್ತಿಸಿದ ಮನುಷ್ಯ, ಬಿದ್ದೆ ಅಂತ ಯಾವ ಬಾಯಲ್ಲಿ ಹೇಳಬೇಕು? ಪಕ್ಕೆ ಹಿಡಿದುಕೊಂಡು ಕುಂಟುತ್ತ ಮನೆಗೆ ಬಂದವರು ಸೀದಾ ಬಚ್ಚಲಿಗೆ ನಡೆದರು. ಚೊಂಬು ಎತ್ತಿ ಗೋಡೆಗೆ ಎಸೆದರು. "ಹಾಯ್ ಅಲ್ಲಾ!" ಅಂತ ಕೂಗಿ ನೆಲದ ಮೇಲೆ ಕೂತುಬಿಟ್ಟರು. ಮನೆಮಂದಿಯೆಲ್ಲ ಓಡಿ ಬಂದರು. ಕೆಲಸ ಕೆಟ್ಟದ್ದು ಅಲ್ಲಿಂದ.

ಮೂಳೆ ಮುರಿದಿರಲಿಲ್ಲ. ಪಕ್ಕೆ ಊದಿಕೊಂಡಿತ್ತು, ಮೂರು ವಾರಕ್ಕೆ ಇಳಿಯಿತು. ಇಳಿಯದೆ ಉಳಿದದ್ದು ಬೇರೆ. ಬೆಳಿಗ್ಗೆ ಎದ್ದು ಲಾಯಕ್ಕೆ ಹೋಗಿ ಬೇಗಂಗೆ ಹುಲ್ಲು ಹಾಕುತ್ತಾರೆ, ಮೈ ಉಜ್ಜುತ್ತಾರೆ, ಜೀನು ಕೂಡ ಹಾಕುತ್ತಾರೆ. ಹತ್ತಲು ರಿಕಾಬಿನ ಬಳೆಗೆ ಕಾಲಿಡಬೇಕು ಅನ್ನುವಾಗ ಅಂಗಾಲು ಬೆವರುತ್ತದೆ, ನೆಲ ಎಲ್ಲೋ ಬಾವಿಯ ತಳದಲ್ಲಿದ್ದ ಹಾಗೆ ಕಾಣುತ್ತದೆ. ಜೀನು ಬಿಚ್ಚಿ, ಕುದುರೆಯ ಬೆನ್ನು ತಟ್ಟಿ, "ಇವತ್ತು ಬಿಸಿಲು ಜಾಸ್ತಿ" ಅಂತ ಅದಕ್ಕೇ ಹೇಳಿ ಒಳಗೆ ಬರುತ್ತಾರೆ. ಒಂದು ದಿನ ಮೋಡ ಮುಚ್ಚಿದ್ದಾಗಲೂ ಹಾಗೇ ಹೇಳಿದರು.

ಬೇಗಂ ಅಂದರೆ ಕುದುರೆ. ಒಂಬತ್ತು ವರ್ಷದ ಬಿಳಿ ಹೆಣ್ಣುಕುದುರೆ. ತಪ್ಪು ಅದರದ್ದಲ್ಲ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಅದು ಉಸಿರು ಎಳೆದು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಬಹಳ ಕುದುರೆಗಳಿಗೆ ಈ ಕಳ್ಳಬುದ್ಧಿ ಉಂಟು. ಹತ್ತು ಹೆಜ್ಜೆ ನಡೆಸಿದರೆ ಉಸಿರು ಬಿಡುತ್ತದೆ, ಪಟ್ಟಿ ಸಡಿಲವಾಗುತ್ತದೆ, ಆಗ ಇನ್ನೆರಡು ತೂತು ಬಿಗಿದು ಆಮೇಲೆ ಹತ್ತಬೇಕು. ಪೀರ್ ಸಾಬರ ಅಪ್ಪ ಇದನ್ನು ಬೆನ್ನಿಗೆ ಗುದ್ದಿ ಕಲಿಸಿದ್ದರು. ಅವತ್ತು ಆ ಹತ್ತು ಹೆಜ್ಜೆಯ ನಡುವೆ ಫೋನು ಬಂತು. ಯಾವುದೋ ರಾಂಗ್ ನಂಬರು. ಫೋನು ಜೇಬಿಗಿಟ್ಟರು, ಹತ್ತಿದರು. ಇಳಿಜಾರಿನಲ್ಲಿ ಜೀನು ಪಕ್ಕಕ್ಕೆ ಮಗುಚಿತು. ಬೇಗಂ ಅಲ್ಲೇ ನಿಂತು, ಮೂತಿ ಇಳಿಸಿ, ಪೊದೆಯೊಳಗೆ ಬಿದ್ದಿದ್ದ ಯಜಮಾನನ ಟೋಪಿ ಮೂಸಿತ್ತು.

ಪೀರ್ ಸಾಬರಿಗೆ ಇನ್ನೊಂದು ಪದ್ಧತಿ ಇತ್ತು. ಮದುವೆಮನೆಯ ಮುಂದೆ ಮೊದಲು ತಾವು ಹತ್ತಿ, ಬ್ಯಾಂಡು ಬಾರಿಸುವಾಗಲೇ, ಪಟಾಕಿ ಹೊಡೆಯುವಾಗಲೇ ಒಂದು ಸುತ್ತು ಹಾಕಿ ತೋರಿಸುವುದು. ಕುದುರೆ ಬೆದರುವುದಿಲ್ಲ ಅಂತ ಹಿರಿಯರೆಲ್ಲ ಕಣ್ಣಾರೆ ಕಂಡ ಮೇಲೆ ಮದುಮಗ ಹತ್ತಬೇಕು. ಹತ್ತೂರಿನಲ್ಲಿ ಜನ ಅವರನ್ನೇ ಕರೆಸುತ್ತಿದ್ದದ್ದು ಆ ಸುತ್ತಿಗಾಗಿ. ಈಗ ಸುತ್ತಿಲ್ಲ. ಕೇಳಲು ಬಂದ ಮೂರು ಮದುವೆಯವರಿಗೆ "ಬೇಗಂಗೆ ಕಾಲುನೋವು" ಅಂತ ಹೇಳಿ ಕಳಿಸಿದರು. ಒಂದು ಸುಳ್ಳಿಗೆ ಇನ್ನೊಂದು.

ಆ ಎರಡನೆಯ ಸುಳ್ಳು ತಿರುಗಿ ಬಂದದ್ದು ಸಾಬೀರನ ಬಾಯಿಂದ. ಊಟಕ್ಕೆ ಕೂತಾಗ ಅವನು ಮೆತ್ತಗೆ ಶುರು ಮಾಡಿದ.

"ಕನಕಪುರ ರೋಡಲ್ಲಿ ಒಂದು ರೆಸಾರ್ಟ್ ಐತಲ್ಲ ಅಬ್ಬಾ, ಅವ್ರು ಬೇಗಂನ ಕೇಳ್ತಾವ್ರೆ. ಚಿಕ್ಕ್ ಮಕ್ಳನ್ನ ಕೂರ್ಸ್ಕೊಂಡು ನಿಧಾನಕ್ಕೆ ಒಂದು ರೌಂಡು, ಅಷ್ಟೆ. ಕಾಲುನೋವಿರೋ ಕುದ್ರೆಗೆ ಒಳ್ಳೇ ಜಾಗ. ನಿಮ್ಗೂ ಬಿದ್ದ ಮೈ. ಸೋಮವಾರ ಗಾಡಿ ಕಳಿಸ್ತಾರಂತೆ."

ಪೀರ್ ಸಾಬರು ತುತ್ತು ನುಂಗಲಿಲ್ಲ, ಉಗುಳಲಿಲ್ಲ. ಹುಡುಗ ಕೆಟ್ಟವನಲ್ಲ. ಅಪ್ಪ ಹೇಳಿದ್ದನ್ನೇ ನಂಬಿ, ಅಪ್ಪನ ಒಳ್ಳೆಯದಕ್ಕೇ ಮಾಡಿದ್ದಾನೆ. ಬೈಯುವುದಕ್ಕೂ ದಾರಿ ಇಲ್ಲ.

ಮಾರನೆಯ ದಿನ, ಬುಧವಾರ, ವಿರೂಪಾಕ್ಷಿಪುರದಿಂದ ಮುನಿಶಾಮಯ್ಯ ಬಂದ. ಹೆಗಲ ಮೇಲೆ ಒಂದು ಹೊರೆ ಹಸಿ ಜೋಳದ ಕಡ್ಡಿ. ಹಿಂದೆ ರೇಷ್ಮೆಗೂಡಿನ ಮೂಟೆಗಳನ್ನು ಪೀರ್ ಸಾಬರ ಜಟಕಾದಲ್ಲೇ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದವನು. ಆ ಕಾಲದ ಸ್ನೇಹ. ಭಾನುವಾರ ಅವನ ಮೊಮ್ಮಗಳು ಅಮೂಲ್ಯಳ ಮದುವೆ. ಕುದುರೆಗೆ ಎರಡು ತಿಂಗಳ ಹಿಂದೆಯೇ ಹೇಳಿದ್ದ.

"ಕುದ್ರೆಗೆ ಕಾಲುನೋವಂತೆ? ಸಂತೇಲಿ ಅಂದ್ರು. ನೋಡ್ಮಾ ಅಂತ ಬಂದೆ," ಅಂದವನೇ ಹೊರೆ ಇಳಿಸಿ ಲಾಯಕ್ಕೆ ನುಗ್ಗಿದ. ದನ ಕಟ್ಟಿ ಬದುಕಿದ ಕೈ. ನಾಲ್ಕು ಕಾಲೂ ಒಂದೊಂದಾಗಿ ಎತ್ತಿದ, ಗೊರಸು ಒತ್ತಿದ, ಕೀಲು ಮಡಿಸಿದ, ಮೀನಖಂಡ ಹಿಸುಕಿದ. ಬೇಗಂ ಜೋಳದ ಕಡ್ಡಿ ಅಗಿಯುತ್ತ ತನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ ನಿಂತಿತ್ತು. ಮುನಿಶಾಮಯ್ಯ ಸೊಂಟ ಹಿಡಿದು ಎದ್ದ.

"ಲೇ ಪೀರಾ, ಕುದ್ರೆ ಕಾಲು ನೆಟ್ಟಗೈತೆ ಕಣ್ಲಾ. ಎಲ್ಲಿ, ನಿನ್ ಕಾಲು ತೋರ್ಸು."

"ನನ್ಗೇನ್ಲಾ ಆಗಿರೋದು? ಬಚ್ಚಲಲ್ಲಿ ಒಸಿ ಜಾರ್ದೆ..."

"ಅವ್ರ ಕಾಲೂ ಸರಿಯಾಗೈತೆ ಅಣ್ಣಾ. ಕೆಟ್ಟಿರೋದು ಎದೆ," ಅಂತ ಹಿಂದಿನಿಂದ ದನಿ ಬಂತು. ಬಾಗಿಲಲ್ಲಿ ಹೆಂಡತಿ ಗುಲ್ಜಾರ್ ಬೀ ಮೊರ ಹಿಡಿದು ನಿಂತಿದ್ದರು. ಮನೆಯ ಮಾತು ಉರ್ದುವಾದರೂ ಆಕೆ ಹುಟ್ಟಿ ಬೆಳೆದದ್ದು ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ. ಗಂಡನನ್ನು ಬೈಯುವುದಿದ್ದರೆ ಕನ್ನಡಕ್ಕೇ ಬರುತ್ತಿದ್ದರು. "ಬಚ್ಚಲಲ್ಲಿ ಉತ್ತರಾಣಿ ಗಿಡ ಬೆಳೀತದಾ ಅಣ್ಣಾ, ನೀವೇ ಹೇಳಿ. ಆವತ್ತು ಇವ್ರ ಪೈಜಾಮದಿಂದ ಒಂದು ಬೊಗಸೆ ಉತ್ತರಾಣಿ ಮುಳ್ಳು ಕಿತ್ತಿವ್ನಿ. ಬೆರಳೆಲ್ಲ ಉರಿ."

ಪೀರ್ ಸಾಬರು ಕುದುರೆಯ ಕಿವಿ ನೋಡುತ್ತ ನಿಂತರು. "ಗೊತ್ತಿತ್ತಾ? ಗೊತ್ತಿದ್ದೂ ಸಾಬೀರನ ಕೈಲಿ ಗೋಡೆ ತೂತು ಹೊಡ್ಸಿದ್ಯಾ?" ಅಂದರು.

"ಆ ಹಿಡಿ ನನಗೆ ಬೇಕಾಗಿತ್ತು. ಮಂಡಿನೋವು, ಬಚ್ಚಲಲ್ಲಿ ಏಳಕ್ಕಾಗಲ್ಲ ಅಂತ ಎರಡು ವರ್ಷದಿಂದ ಹೇಳ್ತಾ ಇವ್ನಿ, ನಾಳೆ ನಾಳೆ ಅಂತಾನೆ ನಿಮ್ಮ ಮಗ. ನೀವು ಒಂದ್ಸಲ ಹಾಯ್ ಅಲ್ಲಾ ಅಂದ್ರಿ, ಸ್ಟೀಲಿಂದು ಬಂತು. ಬೇಡ ಅನ್ಲಾ?"

ಮುನಿಶಾಮಯ್ಯ ನಕ್ಕ ನಗುವಿಗೆ ಕೆಮ್ಮು ಬಂದು, ಬೇಗಂನ ಕುತ್ತಿಗೆ ಹಿಡಿದುಕೊಂಡೇ ಸುಧಾರಿಸಿಕೊಳ್ಳಬೇಕಾಯಿತು. ಆಮೇಲೆ ಕಣ್ಣು ಒರೆಸಿಕೊಂಡು ಬಂದ ವಿಷಯ ಹೇಳಿದ. ಕುದುರೆ ಗಂಡಿಗಲ್ಲವಂತೆ. ಅಮೂಲ್ಯ ತಾನೇ ಕುದುರೆ ಮೇಲೆ ಛತ್ರಕ್ಕೆ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ.

"ಈಗ್ಲೇ ಹೇಳ್ತೀನಿ ಕೇಳು ಪೀರಾ. ನೀನು ಮೊದ್ಲು ಒಂದ್ಸುತ್ತು ಹಾಕುದ್ರೆ ಹತ್ತುಸ್ತೀನಿ. ಇಲ್ದಿದ್ರೆ ಅವ್ಳು ಕಾರಲ್ಲೇ ಬತ್ತಾಳೆ, ಮೂತಿ ಊದುಸ್ಕೊಂಡ್ರೂ ಸರಿ. ಹೆಣ್ ಹುಡ್ಗಿ, ಮದ್ವೆ ದಿನ. ಬೇರೆ ಯಾರ್ ಮಾತೂ ನಾನ್ ನಂಬಕಿಲ್ಲ."

ಅವನು ಹೋದ ಮೇಲೆ ಗಂಡ ಹೆಂಡತಿ ಲಾಯದ ಕಟ್ಟೆಯ ಮೇಲೆ ಕೂತರು. ಪೀರ್ ಸಾಬರು ಹೊಟ್ಟೆಪಟ್ಟಿಯ ಚರ್ಮವನ್ನು ತೊಡೆಯ ಮೇಲಿಟ್ಟುಕೊಂಡು ತೂತು ಸವರುತ್ತಿದ್ದರು.

"ಬಿದ್ದದ್ದಕ್ಕಲ್ಲ ಗುಲ್ಜಾರ್. ಜಟಕಾದಿಂದ ಎಷ್ಟು ಸಲ ಬಿದ್ದಿಲ್ಲ ನಾನು? ಇದು ಬೇರೆ. ಮರೆತೆ. ನಲವತ್ತು ವರ್ಷದಲ್ಲಿ ಮರೆಯದೇ ಇದ್ದದ್ದು ಮರೆತೆ. ನಾಳೆ ಆ ಹುಡುಗಿ ಮೇಲೆ ಕೂತಿರುವಾಗ ಮರೆತರೆ?"

ಗುಲ್ಜಾರ್ ಬೀ ಈಗ ಉರ್ದುವಿಗೆ ಇಳಿದರು. ಬೈಗುಳ ಮುಗಿದಿತ್ತು ಅಂತ ಅರ್ಥ. "ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ಲವೋ ಅಂತ ನಾನು ದಿನಾ ಎರಡು ಸಲ ರುಚಿ ನೋಡುತ್ತೇನೆ. ಮೊದಲು ನೋಡುತ್ತಲೇ ಇರಲಿಲ್ಲ. ಹಾಗಂತ ಅಡುಗೆ ಬಿಟ್ಟೆನಾ?"

ಗುರುವಾರ ಬೆಳಕು ಹರಿಯುತ್ತಲೇ ಇಬ್ಬರೂ ಬೇಗಂನ ಜೊತೆ ಕೆರೆ ಏರಿಗೆ ಹೋದರು. ಪೀರ್ ಸಾಬರು ಪಟ್ಟಿ ಬಿಗಿದರು. ಹತ್ತು ಹೆಜ್ಜೆ ನಡೆಸಿದರು. ಗುಲ್ಜಾರ್ ಬೀ ಬುರ್ಖಾದ ತೋಳು ಮೇಲೆ ಸರಿಸಿ ಪಟ್ಟಿಗೂ ಹೊಟ್ಟೆಗೂ ನಡುವೆ ಕೈ ತೂರಿಸಿದರು.

"ನನ್ ಮುಷ್ಟಿ ಹಿಡಿಸ್ತದೆ. ಬಿಗೀರಿ."

ಬಿಗಿದರು. ಮತ್ತೆ ಕೈ ತೂರಿಸಿದರು. ಈ ಸಲ ಎರಡು ಬೆರಳು ಹೋದವು, ಮೂರನೆಯದು ಹೋಗಲಿಲ್ಲ. "ಹತ್ತಿ."

ತೂಬಿನ ಕಲ್ಲಿನ ಮೇಲೆ ನಿಂತು ರಿಕಾಬಿಗೆ ಕಾಲಿಟ್ಟರು. ಇಳಿಸಿದರು. ಮತ್ತೆ ಇಟ್ಟರು, ಮತ್ತೆ ಇಳಿಸಿದರು. ಬೇಗಂ ತಿರುಗಿ ನೋಡಿತು. ಮೂರನೆಯ ಸಲಕ್ಕೂ ಆಗದೆ ಕಲ್ಲಿನ ಮೇಲೇ ಕೂತು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಗುಲ್ಜಾರ್ ಬೀ ಮನೆಗೆ ಬಂದು ದೋಸೆ ಹುಯ್ದು ಕೊಟ್ಟರು.

ಶುಕ್ರವಾರ ಹತ್ತಿದರು. ಹತ್ತಿದ್ದೇ ಸೈ, ಕಡಿವಾಣ ಸಡಿಲಿಸಲು ಕೈ ಬರಲಿಲ್ಲ. ಕಲ್ಲಿನ ವಿಗ್ರಹದ ಹಾಗೆ ಕೂತರು. ಗುಲ್ಜಾರ್ ಬೀಯೇ ಹಗ್ಗ ಹಿಡಿದು, ಮಂಡಿ ಎಳೆಯುತ್ತ ಮುಂದೆ ನಡೆದರು. ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಲೋಕೇಶ್ ಬ್ರೇಕು ಹಾಕಿದ.

"ಏನ್ ಸಾಬ್ರೇ, ಅಮ್ಮಾವ್ರು ಕುದ್ರೆ ಹೊಡ್ಕೊಂಡ್ ಓಯ್ತಾವ್ರೆ!"

"ನಿಖಾ ದಿವ್ಸ ಇವ್ರು ನನ್ನ ಜಟಕಾದಲ್ಲಿ ಕೂರ್ಸ್ಕೊಂಡ್ ಬಂದಿದ್ರಪ್ಪಾ," ಅಂದರು ಗುಲ್ಜಾರ್ ಬೀ, ನಿಲ್ಲದೆ. "ಈವಾಗ ವಾಪಸ್ ಬಿಟ್ಬರೋಣಾಂತ."

ಪೀರ್ ಸಾಬರು ಮೇಲೆ ಕೂತೇ ನಕ್ಕರು. ನಗುವಾಗ ಹೊಟ್ಟೆ ಕುಲುಕಿತು, ಬೆನ್ನು ಸಡಿಲವಾಯಿತು, ಕಡಿವಾಣ ಹಿಡಿದ ಕೈಯೂ ತಾನಾಗಿ ಸಡಿಲವಾಯಿತು. ಬೇಗಂ ಅದನ್ನೇ ಕಾಯುತ್ತಿದ್ದ ಹಾಗೆ ಹೆಜ್ಜೆ ಬದಲಿಸಿತು. ಗುಲ್ಜಾರ್ ಬೀ ಹಗ್ಗ ಬಿಟ್ಟದ್ದು ಅವರಿಗೆ ಗೊತ್ತಾದದ್ದು ಹುಣಸೆಮರ ದಾಟಿದ ಮೇಲೆ.

ಶನಿವಾರ ಏರಿಯ ಆ ತುದಿಯವರೆಗೆ ಹೋಗಿ ಬಂದರು. ಬಿದ್ದ ಜಾಗದ ಹತ್ತಿರವೂ ಇಳಿಯಲಿಲ್ಲ.

ಅದೆಲ್ಲ ಕೆರೆ ಏರಿ, ಯಾರೂ ಇಲ್ಲದ ಹೊತ್ತು. ಭಾನುವಾರ ವಿರೂಪಾಕ್ಷಿಪುರದ ಛತ್ರದ ಮುಂದೆ ಮುನ್ನೂರು ಜನ, ತಮಟೆ, ಬ್ಯಾಂಡು, ಮೊಬೈಲು ಎತ್ತಿ ಹಿಡಿದ ಕೈಗಳು. ಅಮೂಲ್ಯ ಕೆಂಪು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಕಾದಿದ್ದಳು. ಸಾಬೀರನೂ ಬಂದಿದ್ದ. ಕಾಲುನೋವಿನ ಕುದುರೆ ಮದುವೆಗೆ ಯಾಕೆ ಬಂತು ಅಂತ ಅವನಿಗಿನ್ನೂ ತಿಳಿದಿರಲಿಲ್ಲ.

ಪೀರ್ ಸಾಬರು ಹತ್ತು ಹೆಜ್ಜೆ ನಡೆಸಿದರು. ಎರಡು ತೂತು ಬಿಗಿದರು. ಬಿಗಿದೆನಾ? ಬಿಗಿದೆ. ಈಗ ತಾನೆ ಬಿಗಿದೆ. ಬೆರಳಿಗೆ ಇನ್ನೂ ಚರ್ಮದ ಒತ್ತು ಇದೆ. ಆದರೂ ಅಂಗಾಲು ಬೆವರತೊಡಗಿತು. ತಮಟೆ ಜೋರಾಯಿತು. ಎಲ್ಲರೂ ನೋಡುತ್ತಿದ್ದರು. ಮೊದಲಾಗಿದ್ದರೆ ಈ ಹೊತ್ತಿಗೆ ಒಂದೇ ನೆಗೆತಕ್ಕೆ ಮೇಲಿರುತ್ತಿದ್ದರು.

ಅವರು ಹೆಂಗಸರ ಕಡೆ ತಿರುಗಿದರು. ಮುನ್ನೂರು ಜನರ ಎದುರಿಗೆ ಕೂಗಿದರು.

"ಗುಲ್ಜಾರ್! ಒಸಿ ಬಾ ಇಲ್ಲಿ. ಪಟ್ಟಿ ನೋಡು."

ತಮಟೆಯವರು ಯಾಕೋ ನಿಲ್ಲಿಸಿದರು. ಗುಲ್ಜಾರ್ ಬೀ ಹೆಂಗಸರ ನಡುವಿನಿಂದ ಕಾಲೆಳೆಯುತ್ತ ಬಂದರು. ಬಗ್ಗಿದರು, ಎರಡು ಬೆರಳು ತೂರಿಸಿದರು. ಮೂರನೆಯದನ್ನು ತೂರಿಸಲು ನೋಡಿದರು, ಹೋಗಲಿಲ್ಲ. ಗಂಡನ ಮುಖ ನೋಡಿ ತಲೆಯಾಡಿಸಿದರು.

"ಒಂದು ಕುರ್ಚಿ ಕೊಡ್ಲಾ ಮುನಿಶಾಮಿ," ಅಂದರು ಪೀರ್ ಸಾಬರು. "ಕಾಲು ಮೊದಲ್ನಂಗೆ ಎತ್ತಕಾಗಲ್ಲ."

ಮುನಿಶಾಮಯ್ಯ ಊಟದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಅದು ಅಲುಗಾಡದ ಹಾಗೆ ತಾನೇ ಬಗ್ಗಿ ಎರಡು ಕೈಯಲ್ಲೂ ಅದುಮಿ ಹಿಡಿದ. "ಹತ್ಲಾ. ನಾನ್ ಹಿಡ್ಕೊಂಡಿವ್ನಿ."

ಹತ್ತಿದರು. ಜೀನು ಅಲುಗಲಿಲ್ಲ. ಬೇಗಂ ಕತ್ತು ನೆಟ್ಟಗೆ ಮಾಡಿತು. ತಮಟೆ ಮತ್ತೆ ಶುರುವಾಯಿತು, ಯಾರೋ ಪಟಾಕಿ ಸರ ಹಚ್ಚಿದರು, ಹೊಗೆಯೊಳಗಿಂದ ಬಿಳಿ ಕುದುರೆ ಹಾದು ಬಂತು. ಚಪ್ಪರ, ನೀರಿನ ಟ್ಯಾಂಕು, ಐಸ್‌ಕ್ರೀಮಿನ ಗಾಡಿ, ಮತ್ತೆ ಛತ್ರದ ಬಾಗಿಲು. ಒಂದು ಸುತ್ತು. ಪೀರ್ ಸಾಬರು ಎಷ್ಟು ದಿನದಿಂದಲೋ ಒಳಗೆ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟು ಕುರ್ಚಿಯ ಮೇಲೆ ಇಳಿದರು.

"ತಾತ, ಈಗ ನಾನು ಹತ್ಲಾ?" ಅಂದಳು ಅಮೂಲ್ಯ.

"ಹತ್ತವ್ವ ಹತ್ತು," ಅಂದ ಮುನಿಶಾಮಯ್ಯ, ಕುರ್ಚಿ ಬಿಡದೆ.

ಮುನಿಶಾಮಯ್ಯ ಊಟದ ಪಂಕ್ತಿಯಲ್ಲಿ ಸಾಬೀರನ ಪಕ್ಕ ಕೂತು ಉತ್ತರಾಣಿ ಮುಳ್ಳಿನಿಂದ ಹಿಡಿದು ಎಲ್ಲ ಹೇಳಿದ. ಮನೆ ಮುಟ್ಟಿದ ಮೇಲೆ ಸಾಬೀರ ಫೋನು ತೆಗೆದು, "ಸಾರ್, ನಾಳೆ ಗಾಡಿ ಕಳಿಸ್ಬೇಡಿ," ಅಂದ. ಆ ಕಡೆಯವರು ಏನೋ ಕೇಳಿರಬೇಕು. "ಇಲ್ಲ ಸಾರ್, ಕಾಲು ಸರಿ ಹೋಯ್ತು," ಅಂದ. ಆಮೇಲೆ ಅಪ್ಪನ ಕಡೆ ತಿರುಗಿ, "ಹಂಗಾದ್ರೆ ಅಬ್ಬಾ, ಬಚ್ಚಲಲ್ಲಿ ಆ ಸ್ಟೀಲು?" ಅಂತ ಕೇಳಿದ.

"ನಿಮ್ಮಮ್ಮನ್ನ ಕೇಳು," ಅಂದರು ಪೀರ್ ಸಾಬರು.

ಬೇಗಂನ ಬೆವರು ಹೀರಿ ಒದ್ದೆಯಾಗಿದ್ದ ಹೊಟ್ಟೆಪಟ್ಟಿಯನ್ನು ಅವರು ತೊಳೆದು, ಒಣಗಲಿ ಅಂತ ಆ ಹಿಡಿಗೇ ನೇತು ಹಾಕಿದರು. ಸ್ವಲ್ಪ ಹೊತ್ತಿಗೆ ಒಳಗೆ ನೀರಿನ ಸದ್ದು ಕೇಳಿಸಿತು. ಗುಲ್ಜಾರ್ ಬೀ ಕಾಲು ತೊಳೆದುಕೊಂಡು, ಪಟ್ಟಿಯನ್ನು ಎರಡು ಬೆರಳಿನಿಂದ ಒಂದು ಬದಿಗೆ ಸರಿಸಿ, ಹಿಡಿ ಹಿಡಿದು ಮೇಲಕ್ಕೆದ್ದರು.